ಸಸ್ಪೆನ್ಸ್ ಸಿನಿಮಾದಲ್ಲಿ ನಾವು ಯಾರನ್ನು ಅನುಮಾನಿಸುತ್ತೇವೆ?

ಸಸ್ಪೆನ್ಸ್ ಸಿನಿಮಾ ಎಂದರೆ ಕೊಲೆಗಾರ ಯಾರು ಎಂದು ಕೊನೆಯವರೆಗೂ ಗೊತ್ತಾಗಬಾರದು, ಅಷ್ಟೇ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದಕ್ಕೇ ಸೋಮವಾರ ಬೆಳಗ್ಗೆ ಕಾರಿಡಾರ್‌ನಲ್ಲಿ ಯಾರಾದರೂ ಹೊಸ ಸಿನಿಮಾದ ಮಾತೆತ್ತಿದರೆ ಸಾಕು, "ಕೊನೆ ಹೇಳ್ಬೇಡ ಮಗಾ, ಇನ್ನೂ ನೋಡಿಲ್ಲ" ಎಂದು ನಾಲ್ಕು ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಅವರ ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಕೊನೆ ಚೆನ್ನಾಗಿ ಗೊತ್ತಿದ್ದೂ ಎದೆ ಹೊಡೆದುಕೊಳ್ಳುವಂತೆ ಮಾಡುವ ಸಿನಿಮಾಗಳಿವೆ. ಕೊನೆ ಏನೆಂದು ಗೊತ್ತಿಲ್ಲದಿದ್ದರೂ ಆಕಳಿಕೆ ತರಿಸುವ ಸಿನಿಮಾಗಳು ಅದಕ್ಕಿಂತ ಹೆಚ್ಚು ಇವೆ.

ಈ ವ್ಯತ್ಯಾಸವನ್ನು ಸರಿಯಾಗಿ ಬಿಡಿಸಿ ಹೇಳಿದವರು ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಅವರ ಜೊತೆ ದಿನಗಟ್ಟಲೆ ಮಾತನಾಡುವಾಗ ಅವರು ಒಂದು ಉದಾಹರಣೆ ಕೊಟ್ಟರು. ಮೇಜಿನ ಕೆಳಗೆ ಬಾಂಬ್ ಇದೆ, ಮೇಲೆ ಇಬ್ಬರು ಹರಟುತ್ತಿದ್ದಾರೆ. ನಮಗೆ ಹೇಳದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚಿಬೀಳುವಿಕೆ. ಮೊದಲೇ ತೋರಿಸಿದ್ದರೆ ಹದಿನೈದು ನಿಮಿಷದ ಸಸ್ಪೆನ್ಸ್. ಇದನ್ನೇ ನಮ್ಮ ಪಿಯುಸಿ ಲೋಕಕ್ಕೆ ತಂದು ನೋಡೋಣ. ಪರೀಕ್ಷಾ ಕೊಠಡಿ. ಒಬ್ಬ ಹುಡುಗ ತಲೆಯೆತ್ತದೆ ಬರೆಯುತ್ತಿದ್ದಾನೆ. ಇದ್ದಕ್ಕಿದ್ದಂತೆ ಸ್ಕ್ವಾಡ್‌ನವರು ಒಳಗೆ ಬಂದು ಅವನ ಪೆನ್ಸಿಲ್ ಪೌಚ್‌ನಿಂದ ಒಂದು ಚೀಟಿ ತೆಗೆಯುತ್ತಾರೆ. ನಾವು ಬೆಚ್ಚುತ್ತೇವೆ, ಅಲ್ಲಿಗೆ ಮುಗಿಯಿತು. ಈಗ ಕ್ರಮ ಬದಲಿಸಿ. ಬೆಳಗ್ಗೆ ಗೇಟಿನ ಹತ್ತಿರ, ಅವನಿಗೆ ಗೊತ್ತಿಲ್ಲದಂತೆ, ಇನ್ನೊಬ್ಬ ಆ ಚೀಟಿಯನ್ನು ಪೌಚ್‌ಗೆ ತುರುಕಿದ್ದನ್ನು ನಾವು ನೋಡಿದ್ದೇವೆ. ಕಾರಿಡಾರ್‌ನಲ್ಲಿ ಬೂಟಿನ ಸದ್ದು. ಸ್ಕ್ವಾಡ್ ಮೊದಲ ಬೆಂಚಿನಿಂದ ಶುರುಮಾಡುತ್ತದೆ. ಎರಡನೇ ಬೆಂಚು, ಮೂರನೇ ಬೆಂಚು. ಇವನು ಶಾಂತವಾಗಿ ಸ್ಕೇಲ್ ತೆಗೆಯಲು ಪೌಚ್‌ನ ಜಿಪ್ ಎಳೆಯುತ್ತಾನೆ. ಕುರ್ಚಿಯ ಅಂಚಿಗೆ ಬಂದು ಕೂತವರು ನಾವು. ಕಥೆ ಒಂದೇ, ಚೀಟಿ ಒಂದೇ. ನಮಗೆ ಯಾವಾಗ ಏನು ತಿಳಿಸಿದರು ಎಂಬುದಷ್ಟೇ ಬೇರೆ.

ನಮ್ಮಲ್ಲಿ ಕೆಲವರ ಮನೆಗಳಲ್ಲಿ ಸಿನಿಮಾ ನೋಡುವ ರೂಢಿಯೇ ಇಲ್ಲ. ಅವರಿಗೂ ಈ ಅನುಭವ ಹೊಸದಲ್ಲ. ಪವಿತ್ರ ಕುರ್‌ಆನ್‌ನಲ್ಲಿ ಬರುವ ಪ್ರವಾದಿ ಯೂಸುಫ್ (ಅ) ಅವರ ವೃತ್ತಾಂತವನ್ನು ಕೇಳಿದ ಯಾರಿಗಾದರೂ ಇದು ಗೊತ್ತು. (ಅದನ್ನು ಸಿನಿಮಾಗೆ ಹೋಲಿಸುತ್ತಿಲ್ಲ, ಕೇಳುವಾಗ ನಮ್ಮ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದಷ್ಟೇ ಇಲ್ಲಿನ ಮಾತು.) ಬರಗಾಲದಲ್ಲಿ ಧಾನ್ಯ ಕೇಳಿಕೊಂಡು ಈಜಿಪ್ಟಿಗೆ ಬಂದ ಅಣ್ಣಂದಿರ ಎದುರಿಗೆ ನಿಂತಿರುವವರು, ತಾವೇ ಬಾವಿಗೆ ಹಾಕಿದ್ದ ತಮ್ಮ. ಅವರು ಅಣ್ಣಂದಿರನ್ನು ಗುರುತಿಸುತ್ತಾರೆ. ಅಣ್ಣಂದಿರು ಅವರನ್ನು ಗುರುತಿಸುವುದಿಲ್ಲ. ನಮಗೆ ಎಲ್ಲವೂ ಗೊತ್ತು. ಧಾನ್ಯ ಅಳೆಯುವ ಪಾತ್ರೆ ಕಿರಿಯ ತಮ್ಮನ ಮೂಟೆ ಸೇರಿದ್ದೂ ಗೊತ್ತು. ಎಷ್ಟು ಸಲ ಕೇಳಿದರೂ, ಮೂಟೆಗಳನ್ನು ಒಂದೊಂದಾಗಿ ಬಿಚ್ಚುವ ಆ ಘಟ್ಟದಲ್ಲಿ ಉಸಿರು ನಿಲ್ಲುತ್ತದೆ. ಹಾಗೆಯೇ ಯಕ್ಷಗಾನದಲ್ಲಿ ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವಾಗ ಅವನು ಹೊರಗೆ ಬರುವುದಿಲ್ಲ ಎಂದು ಬಯಲಿನಲ್ಲಿ ಕೂತ ಮಗುವಿಗೂ ಗೊತ್ತಿರುತ್ತದೆ. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ.

ಕನ್ನಡ ಸಿನಿಮಾ ಈ ವಿದ್ಯೆಯನ್ನು ಕಲಿತದ್ದು ನಿಧಾನವಾಗಿ. 1968ರ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ದೊರೈ–ಭಗವಾನ್ ಜೋಡಿ ಜೇಮ್ಸ್ ಬಾಂಡ್ ಮಾದರಿಯನ್ನು ಕನ್ನಡಕ್ಕೆ ತಂದಿತು. ಅದೇ ಸರಣಿ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೂ ನಡೆಯಿತು. ಇವು ಮಜವಾಗಿವೆ, ಈಗಲೂ ನೋಡಬಹುದು. ಆದರೆ ಸಸ್ಪೆನ್ಸ್ ಎಂದು ಇವುಗಳನ್ನು ಕರೆಯಲು ನನಗೆ ಮನಸ್ಸಿಲ್ಲ. 999 ಸೋಲುವುದಿಲ್ಲ ಎಂದು ಟೈಟಲ್ ಕಾರ್ಡ್ ಬೀಳುವ ಮೊದಲೇ ಗೊತ್ತು. ಇಂದಿನ ದೊಡ್ಡ ಬಜೆಟ್ಟಿನ ಸಿನಿಮಾಗಳದ್ದೂ ಇದೇ ಕಾಯಿಲೆ. ಹೀರೋ ನಿಧಾನಗತಿಯಲ್ಲಿ ನಡೆದು ಬರುತ್ತಾನೆ, ಹಿಂದೆ ಏನೋ ಸ್ಫೋಟಗೊಳ್ಳುತ್ತದೆ, ಅವನು ತಿರುಗಿ ನೋಡುವುದೂ ಇಲ್ಲ. ಅವನಿಗೇ ಚಿಂತೆ ಇಲ್ಲದ ಮೇಲೆ ನಮಗೇಕೆ?

ನಿಜವಾದ ಭಯ ಬಂದದ್ದು ಕಡಿಮೆ ದುಡ್ಡಿನ ಸಿನಿಮಾಗಳಿಂದ. ಕಾಶಿನಾಥ್ ಅವರ 'ಅಪರಿಚಿತ' (1978) ಅಂಥದ್ದು. ಸುರೇಶ್ ಹೆಬ್ಳೀಕರ್, ಶೋಭಾ ಮುಖ್ಯ ಪಾತ್ರಗಳಲ್ಲಿದ್ದ ಆ ಸಿನಿಮಾವನ್ನು ಕಾಶಿನಾಥ್ ಅವರೇ ಮುಂದೆ ಹಿಂದಿಯಲ್ಲಿ 'ಬೇ-ಶಕ್' ಎಂದು ತೆಗೆದರು. ಅದಾಗಿ ಹನ್ನೊಂದು ವರ್ಷಕ್ಕೆ, 1989ರಲ್ಲಿ, ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ 'ತರ್ಕ' ಬಂತು. ಶಂಕರ್ ನಾಗ್, ವನಿತಾ ವಾಸು, ದೇವರಾಜ್. ಒಂದೂ ಹಾಡಿಲ್ಲ. ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಕ್ಯಾಸೆಟ್ ಮಾರಾಟದ ದುಡ್ಡನ್ನು ಕೈಯಾರೆ ಬಿಟ್ಟಂತೆ. ಸಸ್ಪೆನ್ಸ್‌ಗೆ ಹಾಡು ಯಾಕೆ ಕಷ್ಟ ಎಂದರೆ, ಸಸ್ಪೆನ್ಸ್ ಎಂಬುದು ಹಾಲು ಕಾಯಿಸಿದ ಹಾಗೆ. ಉಕ್ಕು ಬರುವ ಹೊತ್ತಿಗೆ ಒಲೆ ಆರಿಸಿ ಐದು ನಿಮಿಷ ಊಟಿಯಲ್ಲಿ ಕುಣಿದು ಬಂದರೆ ಮತ್ತೆ ಮೊದಲಿನಿಂದ ಕಾಯಿಸಬೇಕು. ದೇಸಾಯಿ ಅವರು 1993ರ 'ನಿಷ್ಕರ್ಷ'ದಲ್ಲೂ ಹಾಡು ಇಡಲಿಲ್ಲ. ಬ್ಯಾಂಕ್ ದರೋಡೆಗೆ ಬಂದವರು ಕಟ್ಟಡದೊಳಗೇ ಸಿಕ್ಕಿಬಿದ್ದು ಒಳಗಿದ್ದವರನ್ನು ಒತ್ತೆಯಾಳು ಮಾಡಿಕೊಳ್ಳುತ್ತಾರೆ. ಹೊರಗೆ ಪೊಲೀಸರು, ಒಳಗೆ ಕಮಾಂಡೋ ವಿಷ್ಣುವರ್ಧನ್. 1988ರ ಇಂಗ್ಲಿಷ್ ಸಿನಿಮಾ 'ಡೈ ಹಾರ್ಡ್' ನೋಡಿದವರಿಗೆ ಅದು ನೆನಪಾಗದೆ ಇರದು. ಆದರೆ ಇಲ್ಲಿ ಕಲಿಯಬೇಕಾದ ಒಂದು ಸಂಗತಿ ಇದೆ: ಆ ಕಟ್ಟಡದ ಒಳಭಾಗ ನಮಗೆ ಪರಿಚಯವಾಗುತ್ತದೆ. ಮೆಟ್ಟಿಲು ಎಲ್ಲಿ, ಬಾಗಿಲು ಎಲ್ಲಿ ಎಂದು ತಿಳಿದ ಮೇಲೆಯೇ "ಆ ಕಡೆ ಹೋಗಬೇಡ" ಎಂದು ನಾವು ಮನಸ್ಸಿನಲ್ಲಿ ಕೂಗಲು ಸಾಧ್ಯ. ಜಾಗ ಗೊತ್ತಿಲ್ಲದ ಕಡೆ ಬರೀ ಗಲಾಟೆ ಕಾಣುತ್ತದೆ.

ಹಾಡಿದ್ದರೆ ಸಸ್ಪೆನ್ಸ್ ಆಗುವುದೇ ಇಲ್ಲ ಎಂದೇನೂ ಅಲ್ಲ. 'ಅಪರಿಚಿತ'ದ ಒಂದು ಹಾಡನ್ನು ಜನ ಇಂದಿಗೂ ಗುನುಗುತ್ತಾರೆ. 'ರಂಗಿತರಂಗ'ದಲ್ಲೂ (2015) ಹಾಡುಗಳಿವೆ. ಅನೂಪ್ ಭಂಡಾರಿ ಅವರು ಕಮರೊಟ್ಟು ಎಂಬ ಕಲ್ಪಿತ ಊರಿನ ಮಳೆ, ಕಾಡು, ಭೂತದ ನಂಬಿಕೆ ಎಲ್ಲವನ್ನೂ ಸೇರಿಸಿ ಅನುಮಾನವನ್ನು ಊರಿಗೆಲ್ಲ ಹಂಚಿಬಿಡುತ್ತಾರೆ. ಅದು ಬಿಡುಗಡೆಯಾದ ಮುಂದಿನ ವಾರವೇ 'ಬಾಹುಬಲಿ' ಬಂತು. ಆದರೂ ಹೊಸಬರ ಸಿನಿಮಾ ತಿಂಗಳುಗಟ್ಟಲೆ ಓಡಿತು. ನೋಡಿದವರು ಇನ್ನೊಬ್ಬರಿಗೆ "ನೋಡು" ಎಂದರೇ ಹೊರತು ಗುಟ್ಟು ಬಿಡಲಿಲ್ಲ. ಇಂಥ ಸಿನಿಮಾಗೆ ಪ್ರೇಕ್ಷಕರೇ ಪಾಲುದಾರರು.

ನಮ್ಮ ಬನಶಂಕರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಪವನ್ ಕುಮಾರ್ ಅವರ 'ಯು ಟರ್ನ್' (2016). ಲಾಲ್‌ಬಾಗ್ ದಾಟಿ ಶಾಂತಿನಗರದ ಕಡೆ ಹೋಗುವಾಗ ಸಿಗುವ ಡಬಲ್ ರೋಡ್ ಫ್ಲೈಓವರ್ ಆ ಕಥೆಯ ಜಾಗ. ಮುಂದೆ ಹೋಗಿ ಸುತ್ತಿ ಬರಲು ಸೋಮಾರಿತನಪಟ್ಟ ಸವಾರರು ಡಿವೈಡರ್‌ನ ಕಾಂಕ್ರೀಟ್ ಕಲ್ಲುಗಳನ್ನು ಸರಿಸಿ ಅಲ್ಲೇ ತಿರುಗಿಸುತ್ತಾರೆ, ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಅಲ್ಲಿ ನಿಜಕ್ಕೂ ನಡೆಯುತ್ತಿದ್ದ ಈ ಅಭ್ಯಾಸವೇ ಸಿನಿಮಾಗೆ ಬೀಜ. ಪತ್ರಿಕೆಯಲ್ಲಿ ಇಂಟರ್ನ್ ಆಗಿರುವ ರಚನಾ (ಶ್ರದ್ಧಾ ಶ್ರೀನಾಥ್) ಹಾಗೆ ತಿರುಗಿಸಿದವರ ಗಾಡಿ ನಂಬರ್ ಪಟ್ಟಿ ಮಾಡುತ್ತಾಳೆ. ಆ ಪಟ್ಟಿಯಲ್ಲಿದ್ದವರು ಸಾಯತೊಡಗುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ. ಆದರೆ ಗಮನಿಸಿ, ಇಲ್ಲಿ ಅಪರಾಧ ಎಷ್ಟು ಚಿಕ್ಕದು! ಹೆಲ್ಮೆಟ್ ಇಲ್ಲದೆ, ಮೂರು ಜನ ಒಂದೇ ಸ್ಕೂಟರ್‌ನಲ್ಲಿ, ಒನ್ ವೇಯಲ್ಲಿ ಬರುವ ನಮ್ಮ ಗೆಳೆಯರಿಗೆ ಈ ಸಿನಿಮಾ ಭೂತದ ಕಥೆಗಳಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಬೇಕು. ಇದು ತೆಲುಗು, ತಮಿಳು, ಮಲಯಾಳಂ, ಹಿಂದಿಗೂ ಹೋಯಿತು.

ಸಾಹಸ ಸಿನಿಮಾ ಇದರ ಅಣ್ಣನೋ ತಮ್ಮನೋ, ಒಂದೇ ಮನೆಯದು. ಸಸ್ಪೆನ್ಸ್‌ನಲ್ಲಿ ಪ್ರಶ್ನೆ "ಯಾರು, ಯಾವಾಗ" ಎಂಬುದು. ಸಾಹಸದಲ್ಲಿ "ಇದನ್ನು ದಾಟುವುದು ಹೇಗೆ" ಎಂಬುದು. ಎದುರಾಳಿ ಬಹಳ ಸಲ ಮನುಷ್ಯನೇ ಅಲ್ಲ; ಹೊಳೆ, ಗೋಡೆ, ಕಾಡು, ಹಸಿವು. 1973ರ 'ಗಂಧದ ಗುಡಿ' ಕನ್ನಡಕ್ಕೆ ಕಾಡನ್ನೇ ಪಾತ್ರವಾಗಿ ಕೊಟ್ಟಿತು. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ನನಗೆ ಅದಕ್ಕಿಂತ ಇಷ್ಟ. ಶಂಕರ್ ನಾಗ್ ಅವರ ಮೊದಲ ಸಿನಿಮಾ ಅದು. ಕೂಲಿಗೆ ಕತ್ತಿ ಹಿಡಿಯುವ ಸೈನಿಕರ ಕಥೆ; ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ನೆರಳು ಅದರ ಮೇಲಿದೆ. ಅಲ್ಲಿ ಕತ್ತಿ ಬೀಸಿದವನಿಗೆ ಏದುಸಿರು ಬರುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಸಾಹಸದ ಜೀವ ಅದೇ. ದಣಿಯದವನು ಮಾಡುವುದು ಸಾಹಸವಲ್ಲ, ಕಸರತ್ತು. ಎರಡು ವರ್ಷದ ನಂತರ ಶಂಕರ್ ನಾಗ್ ತಾವೇ ನಿರ್ದೇಶಿಸಿದ ಮೊದಲ ಸಿನಿಮಾ 'ಮಿಂಚಿನ ಓಟ'ದಲ್ಲಿ ಕಾರು ಕದಿಯುವವರು ಜೈಲಿನಿಂದ ತಪ್ಪಿಸಿಕೊಳ್ಳಲು ಹೊರಡುತ್ತಾರೆ. ಕಳ್ಳರು ಎಂದು ಗೊತ್ತಿದ್ದೂ ಅವರು ಸಿಕ್ಕಿಬೀಳಬಾರದು ಎಂದು ನಾವು ಬಯಸುತ್ತೇವಲ್ಲ, ಅದೇ ವಿಚಿತ್ರ. ಯಾರ ಪಕ್ಕದಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ಕೂರುತ್ತದೋ ಅವರ ಕಡೆಗೆ ನಮ್ಮ ಮನಸ್ಸು ವಾಲುತ್ತದೆ.

ಈ ಮಾತನ್ನು ಸ್ವಲ್ಪ ಹಿಡಿದುಕೊಳ್ಳಿ. ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ ಇದಕ್ಕೆ ಸೇರಿದ್ದು.

ಸಸ್ಪೆನ್ಸ್ ಸಿನಿಮಾದ ಕಚ್ಚಾವಸ್ತು ನಮ್ಮ ಅನುಮಾನ. ನಿರ್ದೇಶಕ ಅದನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ನಾವು ಮನೆಯಿಂದ ಹೊತ್ತು ತಂದದ್ದನ್ನೇ ಬಳಸುತ್ತಾನೆ. ಹಿಂದೆ ವಾಚ್‌ಮನ್, ಅಡುಗೆಯವ, ಮುಖದ ಮೇಲೆ ಗಾಯದ ಗುರುತಿರುವವನು, ಇವರ ಮೇಲೆ ಅನುಮಾನ ಬೀಳುತ್ತಿತ್ತು. 'ಯು ಟರ್ನ್' ಶುರುವಾದಾಗ ಫ್ಲೈಓವರ್ ಮೇಲೆ ಕೂತ ಮನೆಮಠವಿಲ್ಲದ ಆ ಮನುಷ್ಯನನ್ನು ಕಂಡು ನಾವು ಎಚ್ಚರಗೊಳ್ಳುವುದು ಅವನು ಏನೋ ಮಾಡಿದ ಕಾರಣಕ್ಕಲ್ಲ, ಅವನ ಬಟ್ಟೆಯ ಕಾರಣಕ್ಕೆ. ಕಳೆದ ಕೆಲವು ದಶಕಗಳಲ್ಲಿ ಈ ಪಟ್ಟಿಗೆ ಇನ್ನೊಂದು ಮುಖ ಸೇರಿದೆ. ಕಣ್ಣಿಗೆ ಸುರ್ಮಾ, ತಲೆಗೆ ಟೋಪಿ, ಕುತ್ತಿಗೆಯಲ್ಲಿ ತಾವೀಜು. ಆ ಪಾತ್ರ ತೆರೆಗೆ ಬಂದ ಕೂಡಲೇ ಹಿನ್ನೆಲೆ ಸಂಗೀತ ಬದಲಾಗುತ್ತದೆ. ಅವನು ಇನ್ನೂ ಒಂದು ಮಾತೂ ಆಡಿರುವುದಿಲ್ಲ. ಹಿಂದಿಯಲ್ಲಿ ಇದು ಹೆಚ್ಚು, ಕನ್ನಡದಲ್ಲಿ ಇಲ್ಲವೇ ಇಲ್ಲ ಎನ್ನಲಾಗದು.

"ಅದು ಬರೀ ಸಿನಿಮಾ, ಅಷ್ಟು ಸೀರಿಯಸ್ ಆಗಬೇಡ" ಎನ್ನುವವರಿದ್ದಾರೆ. ಬಾಡಿಗೆ ಮನೆ ಹುಡುಕಿ ಸುಸ್ತಾದ ನಮ್ಮ ನಮ್ಮ ಮನೆಯವರನ್ನೇ ಕೇಳಿ ನೋಡಿ. ಫೋನಿನಲ್ಲಿ ಅಡ್ವಾನ್ಸ್ ಎಷ್ಟು, ಕಾವೇರಿ ನೀರು ಯಾವ ದಿನ ಬರುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು ಎಲ್ಲ ಮಾತಾಗಿರುತ್ತದೆ. ಕೊನೆಗೆ ಹೆಸರು ಕೇಳುತ್ತಾರೆ. ಹೆಸರು ಹೇಳಿದ ಮೇಲೆ ಎರಡು ಸೆಕೆಂಡ್ ಮೌನ. ಆಮೇಲೆ, "ಅಯ್ಯೋ, ಆ ಮನೆ ನಿನ್ನೆನೇ ಹೋಯ್ತು." ಆ ಎರಡು ಸೆಕೆಂಡಿನಲ್ಲಿ ಆಚೆ ಕಡೆಯವರ ಕಿವಿಯಲ್ಲಿ ಯಾವ ಹಿನ್ನೆಲೆ ಸಂಗೀತ ಕೇಳಿಸಿತೋ! ಅದನ್ನು ಸಿನಿಮಾ ಒಂದೇ ಕಲಿಸಿತು ಎಂದು ನಾನು ಹೇಳುವುದಿಲ್ಲ. ಅಭ್ಯಾಸ ಮಾಡಿಸಿತು ಎಂದು ಮಾತ್ರ ಹೇಳುತ್ತೇನೆ.

ಹಾಗೆಂದು ಮುಸ್ಲಿಂ ಪಾತ್ರ ಕೆಟ್ಟದ್ದು ಮಾಡಲೇಬಾರದು ಎಂದು ನಾವು ಕೇಳಿದರೆ ಅದೂ ಮಕ್ಕಳಾಟವೇ. ಎಲ್ಲ ಜಾತಿ-ಧರ್ಮದಲ್ಲೂ ಕಳ್ಳರಿದ್ದಾರೆ, ಕಥೆಯಲ್ಲೂ ಇರಲಿ. ನನ್ನ ತಕರಾರು ಬೇರೆ. ಒಂದು ಬಗೆಯ ನಿರ್ದೇಶಕ ಟೋಪಿ ತೋರಿಸಿ ಅನುಮಾನ ಹುಟ್ಟಿಸಿ ಕೊನೆಗೆ "ಹೌದು, ಇವನೇ" ಎನ್ನುತ್ತಾನೆ. ಇದು ಸೋಮಾರಿತನ, ಪ್ರೇಕ್ಷಕ ಮೊದಲೇ ಬರೆದಿಟ್ಟ ಉತ್ತರಕ್ಕೆ ಟಿಕ್ ಹಾಕಿದಂತೆ. ಇನ್ನೊಬ್ಬ ಅದೇ ರೀತಿ ಅನುಮಾನ ಹುಟ್ಟಿಸಿ ಕೊನೆಗೆ "ಪಾಪ, ಇವನು ಒಳ್ಳೆಯವನು" ಎಂದು ಕಣ್ಣೀರು ತರಿಸುತ್ತಾನೆ. ಬಹಳ ಜನ ಇದಕ್ಕೆ ಚಪ್ಪಾಳೆ ತಟ್ಟುತ್ತಾರೆ. ನನಗೆ ಇದು ಅರ್ಧ ಒಳ್ಳೆಯದು ಮಾತ್ರ. ಎರಡು ಗಂಟೆ ಹೆದರಿಸಲು ಅವನೂ ಬಳಸಿದ್ದು ಅದೇ ಟೋಪಿಯನ್ನು. ಕಥೆ ಬರೆಯುವಾಗ ಸ್ವಲ್ಪ ಬುದ್ಧಿ ಖರ್ಚು ಮಾಡಿದರೆ ಬೇರೆ ದಾರಿ ಇದೆ. 'ಕವಲುದಾರಿ'ಯನ್ನು (2019) ನೋಡಿ. ಹೇಮಂತ್ ರಾವ್ ಅವರ ಈ ಚಿತ್ರದಲ್ಲಿ ಟ್ರಾಫಿಕ್ ಪೊಲೀಸ್ ಒಬ್ಬ, ಅಗೆಯುವಾಗ ಸಿಕ್ಕ ಅಸ್ಥಿಗಳ ಬೆನ್ನು ಹತ್ತಿ ದಶಕಗಳ ಹಿಂದಿನ ಪ್ರಕರಣಕ್ಕೆ ಹೋಗುತ್ತಾನೆ. ಆ ಕೇಸು ಅವನದ್ದಲ್ಲ, ಯಾರೂ ಅವನನ್ನು ಕೇಳಿಲ್ಲ. ಅನಂತ್ ನಾಗ್ ಅವರ ನಿವೃತ್ತ ಅಧಿಕಾರಿ ಪಾತ್ರ ಕೂಡ ಮೊದಲ ನೋಟಕ್ಕೆ ಒಂದು, ಆಮೇಲೆ ಇನ್ನೊಂದು. ಅಲ್ಲಿ ನಮ್ಮ ಅನುಮಾನ ಸಾಕ್ಷಿಯ ಹಿಂದೆ ಓಡುತ್ತದೆ, ವೇಷದ ಹಿಂದೆ ಅಲ್ಲ. ಸೂರಃ ಹುಜುರಾತ್‌ನಲ್ಲಿ ಅನುಮಾನದ ಬಗ್ಗೆ ಇರುವ ಎಚ್ಚರಿಕೆ ನಮಗೆಲ್ಲ ಗೊತ್ತು. ಅದು ನಮ್ಮನ್ನು ಅನುಮಾನಿಸುವವರಿಗೆ ಮಾತ್ರ ಅಲ್ಲ, ವಾಚ್‌ಮನ್‌ನನ್ನು ಅನುಮಾನಿಸುವ ನಮಗೂ ಅನ್ವಯಿಸುತ್ತದೆ.

ಇನ್ನೂ ಒಂದು ದಾರಿ ಇದೆ, ಅದು ನಮ್ಮ ಮನೆಗಳಲ್ಲೇ ಇತ್ತು. ಉರ್ದು ಓದಬಲ್ಲ ನಾನಾ, ದಾದಾ ಯಾರಾದರೂ ಇದ್ದರೆ "ಇಬ್ನೆ ಸಫಿ" ಎಂಬ ಹೆಸರು ಹೇಳಿ ನೋಡಿ, ಮುಖ ಅರಳುವ ಸಾಧ್ಯತೆ ಹೆಚ್ಚು. 1952ರಲ್ಲಿ ಶುರುವಾದ ಅವರ 'ಜಾಸೂಸಿ ದುನಿಯಾ'ದಲ್ಲಿ ಪತ್ತೇದಾರರು ಕರ್ನಲ್ ಫರೀದಿ ಮತ್ತು ಕ್ಯಾಪ್ಟನ್ ಹಮೀದ್. 1955ರಲ್ಲಿ ಬಂದ ಇನ್ನೊಂದು ಸರಣಿಯ ನಾಯಕ ಇಮ್ರಾನ್. ನೋಡಲು ಪೆದ್ದ, ಮಾತೆಲ್ಲ ಹಾಸ್ಯ. ಆದರೆ ಗೂಢಚಾರರ ತಂಡವೇ ಹೆದರುವ 'ಎಕ್ಸ್-ಟೂ' ಎಂಬ ಮುಖ್ಯಸ್ಥ ಅವನೇ. ಅದು ಅವನ ಕೈಕೆಳಗಿನವರಿಗೆ ಗೊತ್ತಿಲ್ಲ, ಓದುಗರಿಗೆ ಗೊತ್ತು. ಹಿಚ್‌ಕಾಕ್ ಹೇಳಿದ್ದೂ ಇದನ್ನೇ ಅಲ್ಲವೇ? ಅದೇ ಕಾಲಕ್ಕೆ ಕನ್ನಡದಲ್ಲಿ ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನನ್ನು ಜನ ಬಾಡಿಗೆ ಲೈಬ್ರರಿಯಿಂದ ತಂದು ರಾತ್ರಿ ಕೂತು ಓದುತ್ತಿದ್ದರು. ಅಂದರೆ ಬೆಂಗಳೂರಿನ ಒಂದೇ ಬೀದಿಯ ಎರಡು ಮನೆಗಳಲ್ಲಿ, ಒಂದರಲ್ಲಿ ಪುರುಷೋತ್ತಮ, ಇನ್ನೊಂದರಲ್ಲಿ ಇಮ್ರಾನ್ ಕೊಲೆಗಾರನನ್ನು ಹುಡುಕುತ್ತಿದ್ದಿರಬಹುದು. ಇಮ್ರಾನ್ ಎಂಬ ಹೆಸರು ಆಗ ಸತ್ಯ ಹುಡುಕುವವನ ಹೆಸರಾಗಿತ್ತು. ಅದಕ್ಕೆ ಯಾರೂ ಕಾರಣ ಕೊಡಬೇಕಾಗಿರಲಿಲ್ಲ. ಇಂದಿನ ಕನ್ನಡ ಸಿನಿಮಾದಲ್ಲೂ ಹಾಗೊಬ್ಬ ಸಬ್ ಇನ್‌ಸ್ಪೆಕ್ಟರ್ ಇಮ್ರಾನ್ ಬರಲಿ. ಮಧ್ಯಾಹ್ನ ನಮಾಜ್ ಮುಗಿಸಿ ಬಂದು ಫೈಲ್ ತೆರೆಯಲಿ, ಆ ಬಗ್ಗೆ ಯಾವ ಪಾತ್ರವೂ ಭಾಷಣ ಮಾಡದಿರಲಿ. ನಮ್ಮ ಕಾಲೇಜಿನಲ್ಲಿ ಕಥೆ ಬರೆಯುವವರು ಇದ್ದಾರೆ. ನಿರ್ದೇಶಕರಿಗೇ ಕಾಯಬೇಕಾಗಿಲ್ಲ.

ನೋಡುವ ರೀತಿಯ ಬಗ್ಗೆ ಒಂದು ಮಾತು. ಸಿನಿಮಾ ಮಂದಿರದ ಹೆಸರಿನಿಂದಲೇ ಕರೆಯುವ ಕಾಮಾಕ್ಯ ಸ್ಟಾಪ್‌ನಲ್ಲಿ ನಾವು ದಿನಾ ಬಸ್ ಇಳಿಯುತ್ತೇವೆ, ಆದರೆ ಸಿನಿಮಾ ನೋಡುವುದು ಫೋನಿನಲ್ಲಿ. ತಪ್ಪಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ನೋಡುವುದು ಮಾತ್ರ ಬೇಡ. ಸ್ಕ್ವಾಡ್ ಮೂರನೇ ಬೆಂಚಿನಿಂದ ನಾಲ್ಕನೇ ಬೆಂಚಿಗೆ ಬರಲು ತೆಗೆದುಕೊಳ್ಳುವ ಸಮಯವೇ ಸಸ್ಪೆನ್ಸ್. ಅದನ್ನು ಓಡಿಸಿಬಿಟ್ಟರೆ ಉಳಿಯುವುದು ಕಥೆಯ ಸಾರಾಂಶ, ಗೈಡ್ ಓದಿದ ಹಾಗೆ. ಹಾಗೆಯೇ ಹತ್ತು ನಿಮಿಷದಲ್ಲಿ "ಎಂಡಿಂಗ್" ವಿವರಿಸುವ ವಿಡಿಯೋ ಮೊದಲು ನೋಡಿ ಆಮೇಲೆ ಸಿನಿಮಾ ಹಾಕುವವರಿಗೆ ನನ್ನ ಬಳಿ ಔಷಧಿ ಇಲ್ಲ.

ಎಲ್ಲಿಂದ ಶುರುಮಾಡುವುದು ಎಂದು ಕೇಳುವವರಿಗೆ ನನ್ನ ಕ್ರಮ ಇದು. ಮೊದಲು 'ತರ್ಕ', ರಾತ್ರಿ ಹೊತ್ತು, ಇಯರ್‌ಫೋನ್ ಹಾಕಿ. ಆಮೇಲೆ 'ಯು ಟರ್ನ್', ಸಾಧ್ಯವಾದರೆ ಮನೆಯವರೆಲ್ಲರ ಜೊತೆ. ನಗಬೇಕೆನಿಸಿದರೆ 'ಬೆಲ್ ಬಾಟಂ' (2019). ಹಳೆಯ ಪತ್ತೇದಾರಿ ಕಾದಂಬರಿಗಳನ್ನು ಓದಿ ಓದಿ ತಾನೂ ಪತ್ತೇದಾರನಾಗಬೇಕೆಂದು ಹೊರಡುವ ಕಾನ್‌ಸ್ಟೆಬಲ್ ಆಗಿ ರಿಷಬ್ ಶೆಟ್ಟಿ ಚೆನ್ನಾಗಿದ್ದಾರೆ. ಓದುವವರು ತೇಜಸ್ವಿಯವರ 'ಜುಗಾರಿ ಕ್ರಾಸ್' ಕಾದಂಬರಿ ಹಿಡಿಯಲಿ. ಮಲೆನಾಡಿನ ಕಾಡು, ರೈಲು, ಅಪಾಯ ಎಲ್ಲ ಅದರಲ್ಲಿದೆ, ಸಿನಿಮಾ ನೋಡದ ಮನೆಯವರೂ ಓದಬಹುದು. ಪ್ರತಿಯೊಂದರಲ್ಲೂ ಅರ್ಧ ದಾರಿಗೆ ಬಂದಾಗ ಒಮ್ಮೆ ನಿಲ್ಲಿಸಿ, ನಿಮಗೆ ಯಾರ ಮೇಲೆ ಅನುಮಾನ ಎಂದು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದಿಡಿ. ಪಕ್ಕದಲ್ಲಿ ಯಾಕೆ ಎಂದೂ ಬರೆಯಿರಿ.